ಸೈಕಲ್ ತುಳಿಯುವ ಮಗ ಎದೆ ಹಿಡಿದು ಕುಳಿತರೆ

ವಿಜಯಪುರದ ಸೈಕಲ್ ಹುಡುಗರು ನಸುಕಿನಲ್ಲೇ ರಸ್ತೆಗಿಳಿಯುತ್ತಾರೆ. ಅವರಲ್ಲೊಬ್ಬ ವೇಗ ಏರಿಸುವಾಗ ಎದೆ ಹಿಡಿದು ಕುಳಿತನೆಂದರೆ, ಕಣ್ಣು ಕತ್ತಲಿಟ್ಟು ಬಿದ್ದನೆಂದರೆ, ಮನೆಯವರು 'ಪಿತ್ತ' ಎಂದು ಇಂಡಿ ಲಿಂಬೆಯ ಶರಬತ್ತು ಕುಡಿಸಿ ಮರುದಿನ ಮತ್ತೆ ಕಳಿಸಿಬಿಡುತ್ತಾರೆ. ಹಾಗೆ ಮಾಡಬೇಡಿ, ಹೃದಯದ ರಕ್ತನಾಳ ಹುಟ್ಟಿನಿಂದಲೇ ತಪ್ಪು ಜಾಗದಲ್ಲಿದ್ದರೂ ಹೀಗಾಗಬಹುದು. ತಪಾಸಣೆ ಮುಗಿಯುವ ತನಕ ಸೈಕಲ್, ಓಟ, ಗರಡಿ ಎಲ್ಲ ಬಂದ್. ಬಿದ್ದವನು ಉಸಿರಾಡುತ್ತಿಲ್ಲವೆಂದರೆ 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ಎದೆಯ ನಡುವೆ ಬಲವಾಗಿ, ವೇಗವಾಗಿ ಒತ್ತುತ್ತಲೇ ಇರಿ.

ಹೃದಯಕ್ಕೆ ರಕ್ತ ಕೊಡುವ ಎರಡು ಕೊರೊನರಿ ನಾಳಗಳು ಮಹಾಪಧಮನಿಯ, ಅಂದರೆ ಹೃದಯದಿಂದ ಮೈಗೆಲ್ಲ ರಕ್ತ ಒಯ್ಯುವ ದೊಡ್ಡ ನಾಳದ, ಬುಡದಲ್ಲಿ ಹುಟ್ಟುತ್ತವೆ. (ಕೊರೊನಾಕ್ಕೂ ಇದಕ್ಕೂ ನಂಟಿಲ್ಲ, ಕಿರೀಟದಂತೆ ಸುತ್ತಿಕೊಂಡಿರುವುದರಿಂದ ಆ ಹೆಸರು.) ಸುಮಾರು 100ರಲ್ಲಿ ಒಬ್ಬರಿಗೆ ಇವುಗಳ ಹುಟ್ಟು ಅಥವಾ ಹಾದಿ ಜನ್ಮತಃ ಬೇರೆಯಾಗಿರುತ್ತದೆ. ಬಹುತೇಕರಿಗೆ ಅದರಿಂದ ತೊಂದರೆಯೇ ಇಲ್ಲ. ಹೆಚ್ಚು ಅಪಾಯವಿರುವುದು ಎಡನಾಳ ಬಲಭಾಗದಿಂದ ಹುಟ್ಟಿ, ಮಹಾಪಧಮನಿಗೂ ಶ್ವಾಸಕೋಶದ ಅಪಧಮನಿಗೂ ನಡುವೆ ನುಸುಳಿ ಹೋದಾಗ. ಅದರ ಬಾಯಿ ಸೀಳಿನಂತೆ ಕಿರಿದಾಗಿರಬಹುದು. ಕುಳಿತಾಗ ರಕ್ತ ಸರಾಗ. ಏದುಸಿರು ಬರುವಾಗ ಮಾತ್ರ ನಾಳ ಹಿಂಡಿದಂತಾಗುತ್ತದೆ.

ಆದ್ದರಿಂದಲೇ ಮಂಚದ ಮೇಲೆ ಮಲಗಿಸಿ ತೆಗೆದ ಇಸಿಜಿ ಸರಿಯಾಗಿಯೇ ಬರಬಹುದು, ಟ್ರೆಡ್‌ಮಿಲ್ ಪರೀಕ್ಷೆಯೂ ಕೆಲವೊಮ್ಮೆ ಏನನ್ನೂ ತೋರಿಸದಿರಬಹುದು. 'ರಿಪೋರ್ಟ್ ನಾರ್ಮಲ್' ಎಂದು ಎದ್ದು ಬರಬೇಡಿ. ಹೋಗುವ ಮೊದಲೇ ಚೀಟಿಯಲ್ಲಿ ಬರೆದುಕೊಳ್ಳಿ: ಏನು ಮಾಡುವಾಗ ಆಯಿತು, ಪ್ರಜ್ಞೆ ತಪ್ಪಿತ್ತೇ, ಮನೆತನದಲ್ಲಿ ಚಿಕ್ಕ ವಯಸ್ಸಿನವರು ಯಾರಾದರೂ ಹಠಾತ್ತನೆ ತೀರಿಕೊಂಡಿದ್ದಾರೆಯೇ. ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡುವವರಿಗೆ, "ಎರಡೂ ಕೊರೊನರಿಗಳು ಎಲ್ಲಿ ಹುಟ್ಟುತ್ತವೆ ಎಂಬುದನ್ನು ನೋಡಿ" ಎಂದು ಬಾಯಿಬಿಟ್ಟು ಕೇಳಿ. ಸಂಕೋಚ ಬೇಡ, ನೀವು ಕೇಳುತ್ತಿರುವುದು ಅವರಿಗೆ ಅರ್ಥವಾಗುತ್ತದೆ. ನಾಳದ ಹಾದಿ ಖಚಿತವಾಗಿ ಕಾಣುವುದು ಸಿಟಿ ಆಂಜಿಯೋಗ್ರಾಂ ಎಂಬ ರಕ್ತನಾಳಗಳ ಸ್ಕ್ಯಾನ್‌ನಲ್ಲಿ.

ಹಸುಗೂಸಿನ ಮಾತು ಬೇರೆ. ಎಡನಾಳ ಮಹಾಪಧಮನಿಯ ಬದಲು ಶ್ವಾಸಕೋಶದ ಅಪಧಮನಿಯಿಂದಲೇ ಹುಟ್ಟುವುದು ಅಪರೂಪ. ಹಾಗಿದ್ದರೆ ಎರಡು ತಿಂಗಳ ಆಸುಪಾಸಿನಲ್ಲಿ ಮಗು ಹಾಲು ಕುಡಿಯುವಾಗ ಬೆವರುತ್ತದೆ, ಬಿಳಿಚಿಕೊಂಡು ಚೀರುತ್ತದೆ. ಹೊಟ್ಟೆನೋವೆಂದು ಓಮದ ನೀರು ಹಾಕುತ್ತ ದಿನ ಕಳೆಯದೆ ಮಕ್ಕಳ ಹೃದ್ರೋಗ ತಜ್ಞರಿಗೆ ತೋರಿಸಿ. ಇದಕ್ಕೆ ಶಸ್ತ್ರಚಿಕಿತ್ಸೆ ಬೇಕೇ ಬೇಕು.

ದೊಡ್ಡ ಮಕ್ಕಳಲ್ಲಿ ಎಲ್ಲರಿಗೂ ಬೇಕಿಲ್ಲ. ಬೇಕಾದವರಿಗೆ ನಾಳದ ಬಾಯಿ ಅಗಲಿಸುತ್ತಾರೆ, ಇಲ್ಲವೇ ಸರಿಯಾದ ಜಾಗಕ್ಕೆ ಜೋಡಿಸುತ್ತಾರೆ. ಖರ್ಚಿಗೆ ಹೆದರುವ ಮೊದಲು ಬಿಪಿಎಲ್ ಕಾರ್ಡು, ಆಧಾರ್ ಹಿಡಿದು ಆಸ್ಪತ್ರೆಯ ಆಯುಷ್ಮಾನ್ ಕೌಂಟರಿನಲ್ಲಿ ವಿಚಾರಿಸಿ. ಮರಳಿ ಸೈಕಲ್ ಏರುವುದು ಶಸ್ತ್ರಚಿಕಿತ್ಸೆಯಾದ ಕನಿಷ್ಠ ಮೂರು ತಿಂಗಳ ನಂತರ, ಅದೂ ಶ್ರಮದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ವೈದ್ಯರು ಒಪ್ಪಿದರೆ.