ಮಂಡಿ ಸರ್ವರ್‌ನಿಂದ ಟೆಲ್ನೆಟ್, ಎಫ್‌ಟಿಪಿ ಕಿತ್ತು ಹಾಕುವುದು

ಶಿವಮೊಗ್ಗ, ಸಾಗರ ಕಡೆಯ ಅಡಿಕೆ ಮಂಡಿಗಳ ಲಿನಕ್ಸ್ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ರಾಶಿ, ಬೆಟ್ಟೆ, ಗೊರಬಲು ಎಂಬ ಅಡಿಕೆ ಬಗೆಗಳ ಲೆಕ್ಕವೆಲ್ಲ ಅದರಲ್ಲೇ. ಹಳೇ ಡೆಬಿಯನ್ (ಲಿನಕ್ಸಿನ ಒಂದು ಬಗೆ) ಮೆಷಿನ್ ಕೈಗೆ ಬಂದರೆ ನಾನು ಮೊದಲು ಹುಡುಕುವುದು ದೂರದಿಂದ ಲಾಗಿನ್ ಆಗುವ ಟೆಲ್ನೆಟ್, ಆರ್‌ಎಸ್‌ಹೆಚ್, ಫೈಲ್ ಕಳಿಸುವ ಟಿಎಫ್‌ಟಿಪಿ, ಎಫ್‌ಟಿಪಿ ಎಂಬ ಹಳೇ ಸರ್ವಿಸ್‌ಗಳನ್ನು. ಯಾರೋ ಯಾವತ್ತೋ ಹಾಕಿರುತ್ತಾರೆ, ತೆಗೆಯುವುದು ಯಾರಿಗೂ ನೆನಪಿರುವುದಿಲ್ಲ.

ರೂಟ್ (ಪೂರ್ತಿ ಅಧಿಕಾರದ ಬಳಕೆದಾರ) ಆಗಿ ‘ಎಸ್‌ಎಸ್ ಮೈನಸ್ ಟಿಯುಎಲ್‌ಪಿಎನ್’ ಕಮಾಂಡ್ ಕೊಡಿ. ತೆರೆದಿರುವ ಪೋರ್ಟು (ನೆಟ್‌ವರ್ಕಿನ ನಂಬರ್ ಹಾಕಿದ ಬಾಗಿಲು), ಅದನ್ನು ಹಿಡಿದಿರುವ ಪ್ರೋಗ್ರಾಂ ಎರಡೂ ಕಾಣುತ್ತವೆ. 21 ಎಫ್‌ಟಿಪಿ, 23 ಟೆಲ್ನೆಟ್, 69 ಟಿಎಫ್‌ಟಿಪಿ, ಟಿಸಿಪಿ 512ರಿಂದ 514 ಆರ್‌ಎಸ್‌ಹೆಚ್ ಬಳಗ. ಪ್ರೋಗ್ರಾಂ ಹೆಸರು ಎಕ್ಸ್‌ಐನೆಟ್‌ಡಿ ಎಂದಿದ್ದರೆ, ಅದು ಬೇರೆ ಸರ್ವಿಸ್‌ಗಳ ಪರವಾಗಿ ಪೋರ್ಟ್ ಹಿಡಿದು ಕೂತಿರುತ್ತದೆ, ಅದರ ಕಾನ್ಫಿಗ್ (ಸೆಟ್ಟಿಂಗ್ ಫೈಲು) ತೆರೆಯಿರಿ. ಅಸಲಿ ಆಸಾಮಿ ಅಲ್ಲಿರುತ್ತಾನೆ.

“ಇಷ್ಟು ದಿನ ನಡೀತಿತ್ತಲ್ಲ ಮಾರಾಯ್ರೆ, ಈಗ್ಯಾಕೆ?” ಎಂದು ಮಂಡಿಯವರು ಕೇಳೇ ಕೇಳುತ್ತಾರೆ. ವಾದ ಬೇಡ. ಸರ್ವರ್‌ನಲ್ಲಿ, ನೆಟ್‌ವರ್ಕಿನಲ್ಲಿ ಹಾದುಹೋಗುವುದನ್ನು ತೋರಿಸುವ ‘ಟಿಸಿಪಿಡಂಪ್ ಮೈನಸ್ ಎ ಪೋರ್ಟ್ 21’ ಓಡಿಸಿ (ಎ ದೊಡ್ಡಕ್ಷರ), ಅವರ ಕೈಯಲ್ಲೇ ಎಫ್‌ಟಿಪಿ ಲಾಗಿನ್ ಮಾಡಿಸಿ. ‘ಪಾಸ್’ ಎಂಬುದರ ಪಕ್ಕದಲ್ಲೇ ಅವರ ಪಾಸ್‌ವರ್ಡ್ ಬಂದು ನಿಲ್ಲುತ್ತದೆ. ಮೊಮ್ಮಗಳ ಹೆಸರೇ ಇರುತ್ತದೆ, ಜಾಸ್ತಿ ಸಲ. ಟೆಲ್ನೆಟ್ ಕೂಡ ಅಷ್ಟೇ, ಒತ್ತಿದ ಅಕ್ಷರವೆಲ್ಲ ಬಯಲು. ಫಿನ್ಲೆಂಡಿನ ಟಾಟು ಯ್ಲೋನೆನ್ 1995ರಲ್ಲಿ ಎಲ್ಲವನ್ನೂ ಗುಪ್ತವಾಗಿ ಕಳಿಸುವ ಎಸ್‌ಎಸ್‌ಹೆಚ್ ಬರೆದದ್ದು ತಮ್ಮ ವಿಶ್ವವಿದ್ಯಾಲಯದಲ್ಲಿ ಹೀಗೇ ಪಾಸ್‌ವರ್ಡ್ ಕಳವಾದ ಮೇಲೆ.

ಕೀಳುವ ಮುಂಚೆ ಎಸ್‌ಎಸ್‌ಹೆಚ್ ಲಾಗಿನ್ ಆಗುತ್ತದಾ ನೋಡಿ, ಒಂದು ಸೆಷನ್ ತೆರೆದೇ ಇಡಿ. ಆಷಾಢದ ಮಳೆಯಲ್ಲಿ ಸಾಗರದ ಸರ್ವರ್‌ಗೆ ಕೀಬೋರ್ಡ್ ಸಿಕ್ಕಿಸಲು ಹೋಗುವುದು ಯಾರಿಗೆ ಬೇಕು?

ಈಗ ‘ಎಪಿಟಿ ಮೈನಸ್ ಎಸ್ ಪರ್ಜ್’ ಮುಂದೆ ಪ್ಯಾಕೇಜ್ ಹೆಸರು ಕೊಡಿ. ಇದು ಏನನ್ನೂ ಅಳಿಸುವುದಿಲ್ಲ, ಜೊತೆಗೆ ಇನ್ನೇನು ಹೋಗುತ್ತದೆ ಎಂದು ತೋರಿಸುತ್ತದೆ. ಪಟ್ಟಿ ಸರಿ ಎನಿಸಿದರೆ ಮೈನಸ್ ಎಸ್ ಬಿಟ್ಟು ಓಡಿಸಿ. ಬರೀ ‘ರಿಮೂವ್’ ಕಾನ್ಫಿಗ್ ಉಳಿಸುತ್ತದೆ. ಸುಮ್ನೆ ಸರ್ವಿಸ್ ನಿಲ್ಲಿಸುವುದಂತೂ ಬೇಡ. ರೆಡ್‌ಹ್ಯಾಟ್ ಬಳಗದ ಲಿನಕ್ಸ್‌ಗಳಲ್ಲಿ, ಪೋರ್ಟಿನಲ್ಲಿ ಕಾಯುವ ಟೆಲ್ನೆಟ್ ಸಾಕೆಟ್ ಎದ್ದೇ ಇರುತ್ತದೆ, ಯಾರಾದರೂ ಬಾಗಿಲು ತಟ್ಟಿದರೆ ಮತ್ತೆ ಶುರು. ಟೆಲ್ನೆಟ್ ಕ್ಲೈಂಟ್ ಕೂಡ ತೆಗೆಯಿರಿ. ಪೋರ್ಟ್ ನೋಡಲು ‘ಎನ್‌ಸಿ ಮೈನಸ್ ಝಡ್‌ವಿ’ ಸಾಕಲ್ವಾ?

ಕಾಟ ಕೊಡುವುದು ತೂಕದ ಯಂತ್ರದ ಕಂಪ್ಯೂಟರ್. ಅದರ ಹಳೇ ಸಾಫ್ಟ್‌ವೇರ್‌ಗೆ ಚೀಟಿ ಕಳಿಸಲು ಎಫ್‌ಟಿಪಿ ಬಿಟ್ಟು ಬೇರೆ ಗೊತ್ತಿಲ್ಲ. ಅದು ವಿಂಡೋಸ್ ಆಗಿದ್ದರೆ, ಚೀಟಿ ಅಲ್ಲೇ ಒಂದು ಫೋಲ್ಡರ್‌ಗೆ ಬೀಳಲಿ. ವಿನ್‌ಎಸ್‌ಸಿಪಿ (ವಿಂಡೋಸ್‌ನಿಂದ ಫೈಲ್ ಕಳಿಸುವ ಪ್ರೋಗ್ರಾಂ) ಸ್ಕ್ರಿಪ್ಟ್ ಅದನ್ನು ಎಸ್‌ಎಫ್‌ಟಿಪಿಯಲ್ಲಿ, ಅಂದರೆ ಎಸ್‌ಎಸ್‌ಹೆಚ್ ಮೂಲಕ, 22ನೇ ಪೋರ್ಟಿಗೆ ತಳ್ಳಲಿ. ಚೀಟಿ ತಪ್ಪದೆ ಬರುತ್ತಿದೆ ಎಂದಾದ ಮೇಲೆ ಎಫ್‌ಟಿಪಿ ಸರ್ವರ್ ಆದ ವಿಎಸ್‌ಎಫ್‌ಟಿಪಿಡಿ ಪರ್ಜ್ ಮಾಡಿ.

ಸರ್ವರ್ ರೀಬೂಟ್ ಮಾಡಿ, ಬೇರೆ ಮೆಷಿನ್‌ನಿಂದ ಎನ್‌ಮ್ಯಾಪ್‌ (ಪೋರ್ಟ್ ತೆರೆದಿದೆಯಾ ಎಂದು ಹುಡುಕುವ ಪ್ರೋಗ್ರಾಂ) ಓಡಿಸಿ ಅದೇ ಪೋರ್ಟ್‌ಗಳನ್ನು ಇನ್ನೊಮ್ಮೆ ನೋಡಿ. 69 ಟಿಸಿಪಿ ಅಲ್ಲ, ಯುಡಿಪಿ, ಅದನ್ನು ‘ಮೈನಸ್ ಎಸ್‌ಯು’ (ಯು ದೊಡ್ಡಕ್ಷರ) ಕೊಟ್ಟು ಬೇರೆಯಾಗಿ ನೋಡಬೇಕು.