ಕರಾವಳಿಯ ಮಳೆ-ಬಿಸಿಲಿಗೆ ತಡೆಯುವ ಕೋಆಕ್ಸ್ ಕೇಬಲ್

ರೇಡಿಯೋದಿಂದ ಆಂಟೆನಾಗೆ ಹೋಗುವ ಕೋಆಕ್ಸ್ ಕೇಬಲ್ ಅಂದ ಕೂಡಲೇ ಹ್ಯಾಮ್ (ಹವ್ಯಾಸಿ ರೇಡಿಯೋ) ಗೆಳೆಯರು ಲಾಸ್, ಅಂದರೆ ಕೇಬಲ್ ದಾರಿಯಲ್ಲೇ ನುಂಗುವ ಪವರ್, ಎಷ್ಟು ಡಿಬಿ (ಡೆಸಿಬೆಲ್) ಅಂತ ಶುರು ಮಾಡುತ್ತಾರೆ. ಉಡುಪಿ ಕಡೆಯವನಾದ ನಾನು ಮೊದಲು ನೋಡುವುದು ಹೊರಗಿನ ಸಿಪ್ಪೆ. ಇಲ್ಲಿ ನಾಲ್ಕು ತಿಂಗಳು ಮಳೆ, ಆಮೇಲೆ ಸುಡುವ ಬಿಸಿಲು, ವರ್ಷವಿಡೀ ಉಪ್ಪುಗಾಳಿ.

ತಾರಸಿ ಮೇಲೆ ಕಪ್ಪು ಪಾಲಿಎಥಿಲೀನ್ ಸಿಪ್ಪೆಯೇ ಒಳ್ಳೆಯದು. ಅದರಲ್ಲಿ ಬೆರೆಸಿದ ಇಂಗಾಲದ ಪುಡಿ ಬಿಸಿಲನ್ನು ತಡೆಯುತ್ತದೆ. ಅಗ್ಗದ ಪಿವಿಸಿ ಬಿಸಿಲಿಗೆ ಬಿರುಕು ಬಿಡುತ್ತದೆ. ಅದನ್ನು ಮೆತ್ತಗಿಡುವ ಎಣ್ಣೆಯಂಥ ರಾಸಾಯನಿಕ ಒಳಗಿನ ಇನ್ಸುಲೇಶನ್‌ಗೆ ಇಳಿದು ಲಾಸ್ ಕೂಡ ಜಾಸ್ತಿ ಮಾಡುತ್ತದೆ. ಅಸಲಿ ಆರ್‌ಜಿ-213 ಅನ್ನುವ ದಪ್ಪ ಕೇಬಲ್ಲಿನಲ್ಲಿ ಹಾಗೆ ಇಳಿಯದ ಪಿವಿಸಿ ಇರುತ್ತದೆ, ಹೆದರಬೇಕಿಲ್ಲ.

ಇನ್ನು ಲಾಸ್. 145 ಮೆಗಾಹರ್ಟ್ಸ್‌ನಲ್ಲಿ 5 ವಾಟ್ ಬಿಟ್ಟರೆ, 20 ಮೀಟರ್ ತೆಳು ಆರ್‌ಜಿ-58 ಕೇಬಲ್ ದಾಟುವಾಗ ಸುಮಾರು 2 ವಾಟ್ ಉಳಿಯುತ್ತದೆ. ಆರ್‌ಜಿ-213ರಲ್ಲಿ 3 ವಾಟ್‌ಗಿಂತ ಸ್ವಲ್ಪ ಮೇಲೆ, ಕಡಿಮೆ ಲಾಸಿನ ಎಲ್‌ಎಂಆರ್-400 ಕೇಬಲ್ಲಿನಲ್ಲಿ ಸುಮಾರು 4. ಫ್ರೀಕ್ವೆನ್ಸಿ ಇಳಿದರೆ ಲಾಸೂ ಇಳಿಯುತ್ತದೆ; ಬರೀ 7 ಮೆಗಾಹರ್ಟ್ಸ್ ಡೈಪೋಲ್‌ಗಾದರೆ (ಎರಡು ತಂತಿಯ ಸರಳ ಆಂಟೆನಾ) ಆರ್‌ಜಿ-58 ಸಾಕು, ಸುಮ್ನೆ ದುಡ್ಡು ಸುರಿಯಬೇಡಿ. ತಿರುಗುವ ಆಂಟೆನಾಗೆ ಮಾಮೂಲಿ ಎಲ್‌ಎಂಆರ್-400 ಬೇಡ. ಅದರ ನಡುವಿನದು ಒಂದೇ ಗಟ್ಟಿ ತಂತಿ, ಪದೇ ಪದೇ ಬಾಗುವುದಕ್ಕೆ ಮಾಡಿದ್ದಲ್ಲ.

ಅಂಗಡಿಯಲ್ಲಿ ಒಂದು ತುಂಡು ಕೇಳಿ ಸುಲಿದು ನೋಡಿ. ಸಿಪ್ಪೆಯ ಕೆಳಗಿನ ಸಣ್ಣ ತಂತಿಗಳ ಹೆಣಿಗೆ ಒತ್ತಾಗಿರಬೇಕು, ಸಂದಿಯಲ್ಲಿ ಒಳಗಿನ ಬಿಳಿ ಇನ್ಸುಲೇಶನ್ ಎದ್ದು ಕಾಣಬಾರದು. ನಡುವಿನ ತಂತಿಗೆ ಅಯಸ್ಕಾಂತ ಅಂಟಿದರೆ ಒಳಗೆ ಉಕ್ಕು ಇದೆ ಅಂತ ಅರ್ಥ. ಟಿವಿ ಕೇಬಲ್‌ಗಳಲ್ಲಿ ಇದು ಮಾಮೂಲು.

ಎಷ್ಟೇ ಒಳ್ಳೆ ಕೇಬಲ್ ತಂದರೂ ನೀರು ನುಗ್ಗುವುದು ಹೆಚ್ಚಾಗಿ ತುದಿಯಿಂದ. ಒಮ್ಮೆ ಹೆಣಿಗೆಗೆ ತಾಗಿದರೆ ದೀಪದ ಬತ್ತಿ ಎಣ್ಣೆ ಹೀರಿದ ಹಾಗೆ ಒಳಗೆ ಹೋಗುತ್ತದೆ. ತುದಿಗೆ ಹಾಕುವ ಮಾಮೂಲಿ ಪಿಎಲ್-259 ಕನೆಕ್ಟರ್ ನೀರು ತಡೆಯುವುದಿಲ್ಲ. ಎನ್ ಕನೆಕ್ಟರ್ ಎಷ್ಟೋ ವಾಸಿ. ಯಾವುದಾದರೂ ಸರಿ, ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಚೆನ್ನಾಗಿ ಎಳೆದು ಸುತ್ತಿ. ಅದರ ಮೇಲೆ ಒಳ್ಳೆ ಪಿವಿಸಿ ಟೇಪ್. ಕೊನೆಯ ಸುತ್ತು ಕೆಳಗಿನಿಂದ ಮೇಲಕ್ಕೆ ಹೋಗಬೇಕು, ಹೆಂಚು ಹೊದಿಸಿದ ಹಾಗೆ ನೀರು ಜಾರಬೇಕಲ್ವಾ? ಮನೆಯೊಳಗೆ ಬರುವ ಮುಂಚೆ ಕೇಬಲ್ಲನ್ನು ಒಮ್ಮೆ ಕೆಳಕ್ಕೆ ಇಳಿಬಿಟ್ಟು ಮೇಲಕ್ಕೆ ತನ್ನಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಮಳೆಗಾಲ ಮುಗಿದ ಮೇಲೆ ರಿಗ್ (ರೇಡಿಯೋ ಸೆಟ್) ಪಕ್ಕದ ಎಸ್‌ಡಬ್ಲ್ಯೂಆರ್ (ಆಂಟೆನಾ ಎಷ್ಟು ಪವರ್ ವಾಪಸ್ ಕಳಿಸುತ್ತದೆ ಅನ್ನುವ ಅಳತೆ) ಚೆನ್ನಾಗಿದೆ ಅಂತ ಸಮಾಧಾನ ಪಡಬೇಡಿ. ನೀರು ಕುಡಿದ ಕೇಬಲ್ ವಾಪಸ್ ಬರುವ ಪವರನ್ನೂ ನುಂಗುವುದರಿಂದ ಮೀಟರ್ ಇನ್ನೂ ಚಂದ ತೋರಿಸುತ್ತದೆ. ಆಂಟೆನಾ ಬಿಚ್ಚಿ, ಆ ತುದಿಗೆ ವಾಟ್ ಮೀಟರ್ ಮತ್ತು ಡಮ್ಮಿ ಲೋಡ್ (ಆಂಟೆನಾ ಬದಲು ಪವರ್ ನುಂಗುವ ರೆಸಿಸ್ಟರ್) ಹಾಕಿ ಅಳೆಯಿರಿ. ಹೊಸದರಲ್ಲಿ ಬರೆದಿಟ್ಟ ಲೆಕ್ಕಕ್ಕಿಂತ ತುಂಬಾ ಕಡಿಮೆ ಬಂದರೆ ಆ ಕೇಬಲ್ ಇಳಿಸಿಬಿಡಿ.