ಕರಾವಳಿಯಲ್ಲಿ ಮನೆ ಕಟ್ಟಿಸ್ತಿರೋ ತುಮಕೂರಿನವರಿಗೆ: ಹೊರಗೋಡೆ ಹೊದಿಕೆ ಬಗ್ಗೆ

ಕುಂದಾಪುರ, ಕುಮಟಾ ಕಡೆ ಜಾಗ ತಗೊಂಡವರು ನಮ್ಮ ಗುಂಪಿನಲ್ಲೂ ಇದ್ದೀರಿ. ದಯವಿಟ್ಟು ತುಮಕೂರಿನ ಲೆಕ್ಕ ಅಲ್ಲಿಗೆ ಹಾಕಬೇಡಿ. ನಮ್ಮಲ್ಲಿ ಸಾಮಾನ್ಯ ವರ್ಷ ಮಳೆ 1,000 ಮಿ.ಮೀ. ಮುಟ್ಟೋದಿಲ್ಲ. ಅಲ್ಲಿ 3,000 ದಾಟುತ್ತೆ, ಅದೂ ಗಾಳಿ ಜೊತೆ ಗೋಡೆಗೇ ಅಡ್ಡ ಹೊಡೆಯುತ್ತೆ. ಜೊತೆಗೆ ಉಪ್ಪುಗಾಳಿ.

ಮರದ ಹಲಗೆ ಚಂದ ಕಾಣುತ್ತೆ, ಆದರೆ ಪಾಲಿಶ್ ಬಿಟ್ಟರೆ ಗೆದ್ದಲು, ಬೂಷ್ಟು ಗ್ಯಾರಂಟಿ. ನನ್ನ ಮತ ಫೈಬರ್ ಸಿಮೆಂಟ್ ಬೋರ್ಡಿಗೆ (ಸಿಮೆಂಟಿಗೆ ನಾರು ಬೆರೆಸಿ ಮಾಡಿದ ಹಲಗೆ). ಕೊಳ್ಳುವಾಗ ಈ ಬೋರ್ಡಿನ ಭಾರತೀಯ ಮಾನಕ ಐಎಸ್ 14862 ಪ್ರಕಾರ 'ಟೈಪ್ ಎ' ಇದೆಯಾ ಕೇಳಿ, ಹೊರಗಿನ ಬಳಕೆಗೆ ಅದೇ. 'ಟೈಪ್ ಬಿ' ಒಳಾಂಗಣದ್ದು, ಅಗ್ಗ ಅಂತ ಅದನ್ನೇ ದಾಟಿಸೋರಿದ್ದಾರೆ.

ಬೋರ್ಡಿಗಿಂತ ಕೂರಿಸೋ ಕೆಲಸವೇ ಮುಖ್ಯ. ಗೋಡೆಗೆ ಅಂಟಿಸಿಬಿಡಬೇಡಿ. ಗೋಡೆಗೆ ಮೇಲಿಂದ ಕೆಳಕ್ಕೆ ಉದ್ದಕ್ಕೆ ಪಟ್ಟಿ ಹೊಡೆಸಿ, ಬೋರ್ಡಿನ ಹಿಂದೆ 20 ಮಿ.ಮೀ. ಆದರೂ ಸಂದು ಬಿಡಿಸಿ. ಸಂದಿನ ಮೇಲೂ ಕೆಳಗೂ ಬಾಯಿ ತೆರೆದಿರಲಿ, ಜಾಲರಿ ಹಾಕಿಸಿ (ಹಲ್ಲಿ, ಜೇನುಹುಳಕ್ಕೆ ಇದಕ್ಕಿಂತ ಒಳ್ಳೆ ಮನೆ ಸಿಗಲ್ಲ). ಒಳಗೆ ನುಗ್ಗಿದ ನೀರು ಇಳಿದುಹೋಗುತ್ತೆ, ಗಾಳಿ ಆಡಿ ಒಣಗುತ್ತೆ. ಕತ್ತರಿಸಿದ ಅಂಚಿಗೆಲ್ಲ ಪ್ರೈಮರ್ ಬಳಿಸಿ, ನೀರು ಹೀರೋದು ಅಲ್ಲಿಂದಲೇ. ಬೋರ್ಡಿನ ಕೆಳಗಿನ ಅಂಚನ್ನು ನೆಲದಿಂದ 150 ಮಿ.ಮೀ. ಮೇಲೆ ನಿಲ್ಲಿಸಿ.

ಸ್ಕ್ರೂ 316 ಗ್ರೇಡ್ ಸ್ಟೇನ್‌ಲೆಸ್ ಸ್ಟೀಲ್ ಆಗಿರಲಿ. ಸಾದಾ ಜಿಐ (ಸತು ಲೇಪಿಸಿದ ಕಬ್ಬಿಣದ) ಸ್ಕ್ರೂ ಕಡಲ ಹತ್ತಿರ ಬೇಗ ತುಕ್ಕು ಹಿಡಿದು ಗೋಡೆಗೆ ಕೆಂಪು ಗೆರೆ ಎಳೆಯುತ್ತೆ.

ಬೋರ್ಡಿನ ಬದಲು ಹೊದಿಕೆಗೆ ಸಿರಾ, ಕೊರಟಗೆರೆ ಕಡೆಯಿಂದ ಕಲ್ಲು ಸಾಗಿಸೋ ಆಸೆ ಇದ್ದರೆ, ಎತ್ತರದ ಗೋಡೆಗೆ ಬರೀ ಅಂಟು ನಂಬಬೇಡಿ, ಸ್ಟೀಲ್ ಕ್ಲಾಂಪ್ ಹಾಕಿಸಿ. ಕೆಲಸವೆಲ್ಲ ಮೇ ಒಳಗೆ ಮುಗಿಸಿಕೊಳ್ಳಿ.